ಎಬಿ ಗ್ರೂಪಿನವ್ರು ರಕ್ತ ಕೊಟ್ರೆ ಯಾರಿಗೆ ಉಪಯೋಗ?

ನಿಮ್ದು ಎಬಿ ಪಾಸಿಟಿವ್, ಎಬಿಯವ್ರಿಗೆ ಬಿಟ್ಟು ಬೇರೆ ಯಾರಿಗೂ ಆಗಲ್ಲ ಅಂತ ಸ್ನೇಹಿತ್ರು ಹೇಳಿದ್ರು, ಹಾಸನದ ಕ್ಯಾಂಪಿಗೆ ಹೋಗ್ಲಾ ಬೇಡ್ವಾ ಅಂತ ಕೇಳಿದೀರಲ್ಲ, ದಯವಿಟ್ಟು ಹೋಗಿ ಸಾರ್. ಅವ್ರು ಹೇಳಿದ್ದು ಕೆಂಪು ರಕ್ತಕಣದ ಮಟ್ಟಿಗೆ ನಿಜ, ಆದ್ರೆ ಪ್ಲಾಸ್ಮಾದಲ್ಲಿ, ಅಂದ್ರೆ ರಕ್ತಕಣ ತೆಗೆದ್ರೆ ಉಳಿಯೋ ಹಳದಿ ನೀರಲ್ಲಿ, ಲೆಕ್ಕ ಪೂರ್ತಿ ಉಲ್ಟಾ. ನಿಮ್ ಪ್ಲಾಸ್ಮಾದಲ್ಲಿ ಎ, ಬಿ ಎರಡರ ವಿರುದ್ಧದ ಆಂಟಿಬಾಡಿನೂ (ಆ ಗ್ರೂಪಿನ ರಕ್ತಕಣದ ಮೇಲೆ ದಾಳಿ ಮಾಡೋ ಪ್ರೋಟೀನ್) ಇರಲ್ಲ, ಅದಕ್ಕೇ ಯಾವ ಗ್ರೂಪಿನವ್ರಿಗಾದ್ರೂ ಹಾಕಬಹುದು, ಪೇಷಂಟ್ ಗ್ರೂಪ್ ಇನ್ನೂ ಗೊತ್ತಿಲ್ದೇ ಇರೋ ಎಮರ್ಜೆನ್ಸಿಲಿ ಇದೆಷ್ಟು ದೊಡ್ಡ ವಿಷ್ಯ ನೀವೇ ಯೋಚ್ನೆ ಮಾಡಿ.

ರಕ್ತದಲ್ಲಿ ಸುಮಾರು 55% ಇರೋದೇ ಈ ಹಳದಿ ನೀರು. ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನ್ ಎಲ್ಲ ಅದ್ರಲ್ಲೇ, ಹೆರಿಗೇಲಿ ವಿಪರೀತ ರಕ್ತ ಹೋದಾಗ, ಲಿವರ್ ಕೆಟ್ಟು ರಕ್ತಸ್ರಾವ ನಿಲ್ದೇ ಇದ್ದಾಗ ಕೊಡ್ತಾರೆ. ಪ್ಲಾಸ್ಮಾ ಕೊಡೋಕೆ ಬೇರೆ ಮಿಷಿನ್ನಿಗೆ ಕೂರ್ಲೇಬೇಕು ಅಂತೇನಿಲ್ಲ, ಕ್ಯಾಂಪಲ್ಲಿ ಕೊಡೋ 350 ಎಂಎಲ್ ರಕ್ತನೇ ಸೌಲಭ್ಯ ಇರೋ ಬ್ಲಡ್ ಬ್ಯಾಂಕಲ್ಲಿ ಬೇರೆ ಬೇರೆ ಮಾಡ್ತಾರೆ, ಕೆಂಪು ಕಣ ಹೆಚ್ಚಂದ್ರೆ 42 ದಿನ, ಪ್ಲಾಸ್ಮಾ ಫ್ರೀಜ್ ಮಾಡಿಟ್ರೆ 1 ವರ್ಷ ಬರುತ್ತೆ.

ವಯಸ್ಸು 18 ದಾಟಿ, ತೂಕ 45 ಕೆಜಿ, ಹಿಮೋಗ್ಲೋಬಿನ್ 12.5 ಇರ್ಬೇಕು, ಉಳಿದಿದ್ದು ಅಲ್ಲೇ ಡಾಕ್ಟ್ರು ನೋಡ್ತಾರೆ. ಖಾಲಿ ಹೊಟ್ಟೇಲಿ ಮಾತ್ರ ಹೋಗ್ಬೇಡಿ, ಅಕ್ಕಿರೊಟ್ಟಿ ತಿಂದು ಚೆನ್ನಾಗಿ ನೀರು ಕುಡ್ಕೊಂಡು ಹೋಗಿ. ನಾನು ಸಕಲೇಶಪುರದ ಕಡೆಯವ್ನು, ನಂದೂ ಎಬಿನೇ, ಕೊಟ್ಟ ಮಾರನೇ ದಿನ ಎಂದಿನಂಗೆ ಕಾಫಿ ತೋಟಕ್ಕೆ ಹೋಗಿದೀನಿ.