ಹನ್ನೆರಡು ವರ್ಷ ಅಳಿವೆಯಲ್ಲಿ ಲ್ಯೂರ್ (ಗಾಳ ಕಟ್ಟಿದ ನಕಲಿ ಮೀನು) ಎಸೆದ ಅನುಭವ ಉಂಟು, ಬೇಸಿಕ್ ಬೇಡ. ಈಗ ಹೊಳೆಯ ಕ್ಯಾಟ್‌ಫಿಶ್ ಶುರು ಮಾಡಬೇಕು. ಯಾವ ರಾಡು, ಯಾವ ರೀಲು, ಯಾವ ಲ್ಯೂರು ತಗೊಳ್ಳಲಿ? ಮೊದಲ ಮಳೆಗೆ ಶುರು ಮಾಡಬಹುದಾ?

ನಿಮ್ಮ ಪ್ರಶ್ನೆ ಓದುವಾಗ ನಾಲಗೆ ತಾನಾಗಿ ಮುಂದಿನ ಹಲ್ಲಿನ ಮೇಲೆ ಹೋಯಿತು. ಅದು ನನ್ನ ಹಲ್ಲಲ್ಲ. ಕಾಸರಗೋಡು ಪೇಟೆಯಲ್ಲಿ ಹಾಕಿಸಿದ ಕ್ಯಾಪ್. ರಾಡು ಯಾವುದು ಅಂತ ಆಮೇಲೆ ನೋಡುವ, ಮೊದಲು ಈ ಹಲ್ಲಿನ ಕಥೆ ಕೇಳಿ.

ನಾನೂ ನಿಮ್ಮ ಹಾಗೆ ಅಳಿವೆಯಲ್ಲಿ ಕಲಿತವನು. ಶಿರಿಯ ಹೊಳೆ ಕಡಲಿಗೆ ಸೇರುವಲ್ಲಿ, ಕುಂಬಳೆ, ಮೊಗ್ರಾಲ್ ಕಡೆಯ ಕಾಂಡ್ಲಾ ಗಿಡಗಳ ಬುಡದಲ್ಲಿ ಹನ್ನೊಂದು ವರ್ಷ ಕಾಳಾಂಜಿ, ಕೆಂಬೇರಿ ಮೀನು ಹಿಡಿದೆ. ಅಲ್ಲಿ ಕೈ ಹೇಗೆ ಪಳಗುತ್ತದೆ ಅಂತ ನಿಮಗೆ ಗೊತ್ತೇ ಉಂಟು. ಲ್ಯೂರಿಗೆ ಮೀನು ಹೊಡೆದ ಕೂಡಲೇ ರಾಡನ್ನು ಸೆಳೆಯಬೇಕು. ಚೂರು ತಡವಾದರೆ ಉಗುಳುತ್ತದೆ. ಕಾಳಾಂಜಿಯ ಬಾಯಿ ಗಟ್ಟಿ, ಹಾಗಾಗಿ ದಡದ ಹತ್ತಿರ ಬಂದ ಮೇಲೂ ಇನ್ನೊಂದು ಸಲ ಎಳೆದು ಗಾಳ ಕೂರಿಸಬೇಕು. ಬೇರಿನೊಳಗೆ ನುಗ್ಗದಂತೆ ಡ್ರ್ಯಾಗ್, ಅಂದರೆ ದಾರ ಬಿಡುವ ರೀಲಿನ ಬ್ರೇಕ್, ಬಿಗಿ ಇಡಬೇಕು. ಇದನ್ನೆಲ್ಲ ನಾನು ಯೋಚನೆ ಮಾಡಿ ಮಾಡುತ್ತಿರಲಿಲ್ಲ. ಕೈಯೇ ಮಾಡುತ್ತಿತ್ತು.

ನನ್ನ ಹೆಂಡತಿಯ ಮನೆ ಅಡೂರು ಕಡೆ. ಮಾವನ ಅಡಕೆ ತೋಟದ ಕೆಳಗೇ ಪಯಸ್ವಿನಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ, ಇಲ್ಲಿ ಹರಿದು, ಮುಂದೆ ಚಂದ್ರಗಿರಿ ಅಂತ ಹೆಸರು ಬದಲಿಸಿ ತಳಂಗರೆಯಲ್ಲಿ ಕಡಲು ಸೇರುವ ಹೊಳೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಗಳ ನಡುವೆ ಆಳದ ಗಯಗಳು, ಅಂದರೆ ಮಡುಗಳು, ಮಾತ್ರ ಉಳಿಯುತ್ತವೆ. ದೊಡ್ಡ ಮೀನೆಲ್ಲ ಅಲ್ಲಿಗೇ ಬಂದು ಸೇರುತ್ತದೆ.

2019ರ ಮಾರ್ಚ್. ಕುಂಬಳೆ ದೇವಸ್ಥಾನದ ಬೆಡಿ ಉತ್ಸವ ಕಳೆದು ಎರಡು ತಿಂಗಳಾಗಿತ್ತು. ಗಯದಲ್ಲಿ ರಾತ್ರಿ ಏನೋ ದೊಡ್ಡದು ಹೊರಳುತ್ತದೆ ಅಂತ ಮಾವ ಫೋನಿನಲ್ಲಿ ಹೇಳಿದರು. ನಾನು ಏನು ಮಾಡಿದೆ? ನೀವು ಈಗ ಮಾಡಲು ಹೊರಟಿರುವುದನ್ನೇ. ಎರಡು ವಾರ ವಿಡಿಯೋ ನೋಡಿದೆ. ಹನ್ನೊಂದು ಸಾವಿರ ಕೊಟ್ಟು ಹೊಸ ರಾಡು ತಂದೆ. ಹೆಣೆದ ದಾರ, 60 ಗ್ರಾಂ ಸೀಸದ ಗುಂಡು, ಒಂದು ಪ್ಯಾಕೆಟ್ ಸರ್ಕಲ್ ಹುಕ್ ಅನ್ನುವ ಗಾಳ. ಲ್ಯೂರಿನ ಪೆಟ್ಟಿಗೆಯನ್ನೂ ಬಿಡಲಿಲ್ಲ.

ಮಾವನ ಸಾಮಾನು ಕೇಳಿ. ದಪ್ಪ ತಂಗೂಸು (ನೈಲಾನ್ ದಾರ), ಒಂದು ಗಾಳ, ಭಾರಕ್ಕೆ ಹಳೆಯ ನಟ್ಟು ಒಂದು. ದಾರವನ್ನು ನೀರಿಗೆ ಬಾಗಿದ ಹಸಿ ಕೊಂಬೆಗೆ ಕಟ್ಟಿ, ಕೊಂಬೆಗೆ ಆಡಿನ ಕೊರಳ ಗೆಜ್ಜೆ ಸಿಕ್ಕಿಸಿ, ಮೇಲೆ ಹೋಗಿ ಕೂರುತ್ತಾರೆ. ಅಷ್ಟೇ.

ಮೊದಲ ಎರಡು ರಾತ್ರಿ ನನಗೆ ಐದು ಸಲ ಕಚ್ಚಿತು. ಐದೂ ಹೋಯಿತು. ರಾಡಿನ ತುದಿ ಟಕ್ ಅಂದ ಕೂಡಲೇ ನಾನು ಸೆಳೆಯುತ್ತಿದ್ದೆ. ಗಾಳ ಮೀನಿಲ್ಲದೆ ಬರುತ್ತಿತ್ತು, ಸಿಕ್ಕಿಸಿದ ಬೂತಾಯಿ ಮೀನಿನ ತುಂಡು ಸಮೇತ. ಮಾವ ಅಷ್ಟರಲ್ಲಿ ಎರಡು ಮುಗುಡು, ಅಂದರೆ ಸಣ್ಣ ಕ್ಯಾಟ್‌ಫಿಶ್, ಹಿಡಿದಿದ್ದರು. ನಾನು ಗಾಳದ ಕಂಪೆನಿಗೆ ಬಯ್ದೆ.

ಮೂರನೆಯ ರಾತ್ರಿ ರಾಡನ್ನು ಕವಲು ಕೋಲಿಗೆ ಒರಗಿಸಿಟ್ಟು ಚಾ ಕುಡಿಯಲು ಹತ್ತು ಹೆಜ್ಜೆ ಮೇಲೆ ಹೋದೆ. ಲೋಟ ಬಾಯಿಗೆ ಇಟ್ಟಿದ್ದೆ, ರೀಲು ಕಿರ್ರ್ ಅಂತ ಕೂಗಿತು. ಓಡಿ ಬಂದು ರಾಡು ಎತ್ತಿದರೆ ಮೀನು ಆಗಲೇ ಸಿಕ್ಕಿ ಆಗಿದೆ! ನಾನು ಏನೂ ಮಾಡಿರಲಿಲ್ಲ. ಇಪ್ಪತ್ತು ನಿಮಿಷ ಅದು ಗಯದ ತಳದಲ್ಲಿ ಅತ್ತಿತ್ತ ಎಳೆಯಿತು. ಕಾಳಾಂಜಿಯ ಹಾಗೆ ಹಾರುವುದಿಲ್ಲ, ಆ ರಭಸ ಇಲ್ಲ. ಬರೀ ಭಾರ. ಕೆಸರಿನಲ್ಲಿ ಹುಗಿದ ಗೋಣಿಯನ್ನು ಎಳೆದ ಹಾಗೆ. ಕೊನೆಗೆ ದಡದಿಂದ ಎಂಟು ಅಡಿ ದೂರದಲ್ಲಿ ತಲೆ ಮೇಲೆ ಬಂತು. ಮಾವ ಟಾರ್ಚ್ ಬಿಟ್ಟರು. ಚಪ್ಪಟೆ ತಲೆ, ಕಣ್ಣು ದಾಟಿ ಹಿಂದೆ ಹೋಗುವ ಬಾಯಿ, ಉದ್ದ ಮೀಸೆ. "ಬಾಳೆ!" ಅಂದರು ಮಾವ. ಹೊಳೆಯ ಬಾಳೆ ಮೀನು, ಇದೂ ಕ್ಯಾಟ್‌ಫಿಶ್ಶೇ, ಮಲಯಾಳದವರು ಆಟ್ಟುವಾಳ ಅನ್ನುವುದು.

ಆಗ ನನ್ನ ಕೈ ಅದರ ಹಳೇ ಕೆಲಸ ಮಾಡಿತು. ಗಾಳ ಇನ್ನೂ ಗಟ್ಟಿಯಾಗಲಿ ಅಂತ ರಾಡಿನ ತುದಿ ಇಳಿಸಿ, ಮೈಯ ಬಲವೆಲ್ಲ ಹಾಕಿ ಒಂದು ಸೆಳೆತ ಸೆಳೆದೆ.

ಗಾಳ ಬಿಟ್ಟಿತು. ಬಾಗಿದ ರಾಡು ಬಿಲ್ಲಿನ ಹಾಗೆ ನೇರವಾಯಿತು. 60 ಗ್ರಾಂ ಸೀಸ ಕವಣೆ ಕಲ್ಲಿನ ಹಾಗೆ ಬಂದು ನನ್ನ ಬಾಯಿಗೆ ಬಡಿಯಿತು. ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು, ತುಟಿಗೆ ಎರಡು ಹೊಲಿಗೆ. ಬಾಳೆ ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಅವಸರ ಇಲ್ಲದೆ ಕೆಳಗೆ ಹೋಯಿತು.

ಮಾವ ನನ್ನನ್ನು ಯಾವತ್ತೂ ಬಹುವಚನದಲ್ಲೇ ಕರೆಯುವುದು. ರಕ್ತ ಒರೆಸಲು ಬೈರಾಸು ಕೊಟ್ಟು ಮೆಲ್ಲ ಹೇಳಿದರು, "ನೀವು ಸುಮ್ನೆ ಇದ್ದಾಗ ಮೀನು ಇತ್ತು."

ಈ ಒಂದು ಸೆಳೆತದ ಬಗ್ಗೆ ನಾನು ಆರು ತಿಂಗಳು ಯೋಚನೆ ಮಾಡಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕ್ಷಮಿಸಿ. ಸಾದಾ ಗಾಳದ ಮೊನೆ ನೇರ ಮೇಲಕ್ಕೆ ಇರುತ್ತದೆ. ಎಳೆದರೆ ತಾಗಿದಲ್ಲಿ ಚುಚ್ಚುತ್ತದೆ. ಸರ್ಕಲ್ ಹುಕ್ಕಿನ ಮೊನೆ ಒಳಕ್ಕೆ, ತನ್ನ ಕಡ್ಡಿಯ ಕಡೆಗೇ ತಿರುಗಿದೆ. ಬೆರಳು ಹಾಕಿ ನೋಡಿ, ಚುಚ್ಚಲು ಕಷ್ಟ. ಮೀನು ಅದನ್ನು ನುಂಗಿ, ತಿರುಗಿ, ನಡೆಯಲು ಶುರು ಮಾಡುತ್ತದೆ. ದಾರ ನಿಧಾನ ಬಿಗಿಯುತ್ತದೆ. ಗಾಳ ಒಳಗಿಂದ ಜಾರುತ್ತಾ ಬಂದು ಬಾಯಿಯ ಮೂಲೆಯಲ್ಲಿ ಹೊರಳಿ ಸಿಕ್ಕಿಕೊಳ್ಳುತ್ತದೆ. ಈ ಜಾರುವುದು, ಹೊರಳುವುದು ಎರಡೂ ನಿಧಾನವಾಗಿಯೇ ಆಗಬೇಕು. ಟಕ್ ಅಂದಾಗಲೇ ಸೆಳೆದರೆ ಹೊರಳಲು ಸಮಯ ಇಲ್ಲ, ನೇರ ಹೊರಗೆ. ಮೊದಲ ಐದು ಮೀನು ಹೋದದ್ದು ಹೀಗೆ. ಆರನೆಯದು ಬೇರೆ. ಅಲ್ಲಿ ಗಾಳ ಸರಿಯಾಗಿಯೇ ಕೂತಿತ್ತು. ಆದರೆ ಜೋರಾಗಿ ಸೆಳೆಯಬೇಕಾದರೆ ಮೊದಲು ತುದಿ ಇಳಿಸಬೇಕಲ್ಲ? ಇಳಿಸಿದಾಗ ದಾರ ಸಡಿಲ ಆಯಿತು, ಗಾಳ ಹೊರಳಿತು. ಇಪ್ಪತ್ತು ನಿಮಿಷ ಎಳೆದಾಡಿ ಮೂಲೆಯ ತೂತು ದೊಡ್ಡದಾಗಿತ್ತು ಬೇರೆ. ಮೇಲಿಂದ ನನ್ನ ಪೂರ್ತಿ ಬಲ. ಹೆಣೆದ ದಾರ ಹೆಚ್ಚೇನೂ ಹಿಗ್ಗುವುದಿಲ್ಲ, ಆ ಬಲವೆಲ್ಲ ನೇರ ಗಾಳಕ್ಕೆ ಹೋಯಿತು. ಗಾಳ ಬಿಟ್ಟಾಗ ಬಾಗಿದ ರಾಡು ಸೀಸವನ್ನು ನನಗೇ ವಾಪಸ್ ಎಸೆಯಿತು.

ಗೆಳೆಯರು ಸಮಾಧಾನ ಹೇಳಿದರು. ದಾರದ ತಪ್ಪು ಅಂದ ಒಬ್ಬ. ಡ್ರ್ಯಾಗ್ ಬಿಗಿ ಜಾಸ್ತಿ ಆಯಿತು ಅಂದ ಇನ್ನೊಬ್ಬ. ಅಲ್ಲ ಮಾರಾಯ್ರೆ. ದಾರ, ಡ್ರ್ಯಾಗ್ ಎಲ್ಲ ಹಾಗೇ ಇದ್ದು ನಾನು ಸುಮ್ನೆ ರೀಲು ಸುತ್ತಿದ್ದರೆ ಮೀನು ದಡದಲ್ಲಿ ಇರುತ್ತಿತ್ತು. ತಪ್ಪು ಕೈಯದ್ದು. ಗಾಳ ಹಾಕಿ ಗೊತ್ತೇ ಇಲ್ಲದವನು ಆ ಸೆಳೆತ ಸೆಳೆಯುತ್ತಿರಲಿಲ್ಲ. ನನ್ನ ಹೆಂಡತಿಯ ತಮ್ಮ, ಮೊಬೈಲ್ ನೋಡುತ್ತಾ ಕೂತವನು, ಅದೇ ವಾರ ಅದೇ ರಾಡಿನಲ್ಲಿ ಮುಗುಡು ಹಿಡಿದ.

ಅದಕ್ಕೇ ನಿಮ್ಮ ಪ್ರಶ್ನೆಯ ಮೊದಲ ಸಾಲು ನನಗೆ ಒಪ್ಪಿಗೆ ಇಲ್ಲ. "ಅನುಭವ ಉಂಟು, ಬೇಸಿಕ್ ಬೇಡ" ಅಂತ ಬರೆದಿದ್ದೀರಿ. ನಿಮಗೆ ಬೇಸಿಕ್ಕೇ ಬೇಕಾದದ್ದು. ಹೊಸ ರಾಡು ತಗೊಳ್ಳಬೇಡಿ. ಕಾಳಾಂಜಿ ರಾಡು ಸಾಕು. ರೀಲಿಗೆ ಹೆಣೆದ ದಾರದ ಬದಲು ದಪ್ಪ ತಂಗೂಸು ಸುತ್ತಿ, ಅದು ಸ್ವಲ್ಪ ಹಿಗ್ಗುತ್ತದೆ, ನಿಮ್ಮ ಕೈಯ ತಪ್ಪನ್ನು ಸ್ವಲ್ಪ ಕ್ಷಮಿಸುತ್ತದೆ. ಸೀಸದ ಗುಂಡು ದಾರದಲ್ಲಿ ಜಾರುವ ಹಾಗಿರಲಿ, ಮೀನಿಗೆ ಭಾರ ಗೊತ್ತಾಗಬಾರದು. ಬಾಳೆಗೆ 5/0 ಸೈಜಿನ ಸರ್ಕಲ್ ಹುಕ್, ಮುಗುಡಿಗೆ ಸಣ್ಣದು. ಡ್ರ್ಯಾಗ್ ಸ್ವಲ್ಪ ಸಡಿಲ ಬಿಡಿ, ಇಲ್ಲದಿದ್ದರೆ ರಾಡೇ ಹೊಳೆಗೆ ಹೋದೀತು. ರಾಡು ಕೋಲಿನ ಮೇಲೆ, ಕೈ ಕಿಸೆಯಲ್ಲಿ. ಮೀನು ಎಳೆದು ರಾಡು ಪೂರ್ತಿ ಬಾಗಿದ ಮೇಲೆ ಎತ್ತಿ, ಬರೀ ಸುತ್ತಿ.

ಲ್ಯೂರು? ಬಾಳೆ ಲ್ಯೂರಿಗೂ ಹೊಡೆಯುತ್ತದೆ, ಸುಳ್ಳಲ್ಲ. ಆದರೂ ಮೊದಲ ವರ್ಷ ಪೆಟ್ಟಿಗೆ ಮನೆಯಲ್ಲೇ ಇರಲಿ. ಲ್ಯೂರು ಕೈಗೆ ಸಿಕ್ಕಿದರೆ ಸೆಳೆಯುವ ಚಟವೂ ಬರುತ್ತದೆ. ಈ ಮೀನುಗಳು ರಾತ್ರಿ, ಕಲಕಿದ ನೀರಿನಲ್ಲಿ ಕಣ್ಣಿಗಿಂತ ಮೂಗು, ಮೀಸೆ ನಂಬಿ ತಿರುಗುವುದು. ಮೀಸೆಯಲ್ಲಿ ಮಾತ್ರ ಅಲ್ಲ, ಮೈ ಮೇಲೂ ರುಚಿ ತಿಳಿಯುವ ಮೊಗ್ಗುಗಳಿವೆ. ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ವಾಸನೆ ನೀರಿನಲ್ಲಿ ದೂರ ಹೋಗುತ್ತದೆ. ಅದನ್ನು ತುಂಡು ಮಾಡಿ ಹಾಕಿ. ಕೋಳಿ ಕರುಳೂ ಆಗುತ್ತದೆ, ಮುಗುಡಿಗೆ ಎರೆಹುಳ ಸಾಕು. ದಡದಲ್ಲಿ ಧಡಧಡ ನಡೆಯಬೇಡಿ. ಇವುಗಳ ಗಾಳಿಚೀಲಕ್ಕೂ ಕಿವಿಗೂ ಸಣ್ಣ ಎಲುಬುಗಳ ಸಂಪರ್ಕ ಉಂಟು, ಸದ್ದು ಚೆನ್ನಾಗಿ ಕೇಳುತ್ತದೆ. ಮಾವ ಚಪ್ಪಲಿ ತೋಟದಲ್ಲೇ ಬಿಟ್ಟು ಬರುವುದು ಯಾಕೆ ಅಂತ ನನಗೆ ಆಮೇಲೆ ಹೊಳೆಯಿತು.

ಮುಳ್ಳಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಅಳಿವೆಯ ಕ್ಯಾಟ್‌ಫಿಶ್ ತೇಡೆ ಒಮ್ಮೆಯಾದರೂ ಚುಚ್ಚಿರುತ್ತದೆ. ಮುಗುಡಿಗೂ ಎದೆಯ ರೆಕ್ಕೆಯಲ್ಲಿ ಅದೇ ಪಾಡು. ಚೇಳು ಮೀನು ಅನ್ನುವ ಇನ್ನೊಂದು ಕ್ಯಾಟ್‌ಫಿಶ್‌ನದ್ದು ಇನ್ನೂ ಕೆಟ್ಟ ವಿಷ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಗೂ ಜಾಸ್ತಿ ಕೈ ಇಡಿ, ಬಿಸಿಗೆ ವಿಷದ ಉರಿ ಇಳಿಯುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ ಡಾಕ್ಟರ ಹತ್ತಿರ ಹೋಗಿ, ಟಿಟಿ ಚುಚ್ಚಿಸಿ.

ಇನ್ನೊಂದು, ಹೆಸರು ಕಲಿಯಿರಿ. ಊರಿನಲ್ಲಿ ಹೋಗಿ "ಕ್ಯಾಟ್‌ಫಿಶ್ ಎಲ್ಲಿ ಸಿಗುತ್ತದೆ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಚಂದ್ರಗಿರಿಯ ಈಚೆ ತುಳುನಾಡು, ಆಚೆ ಮಲಯಾಳ ಅಂತ ಹಿಂದಿನವರು ಹೇಳುತ್ತಿದ್ದರಲ್ಲ, ಮೀನಿನ ಹೆಸರೂ ಹಾಗೆಯೇ. ಕಡಲ ತೇಡೆ ಆಚೆ ಹೋದರೆ ಏಟ್ಟ. ನಮ್ಮ ಮುಗುಡು ಅವರಿಗೆ ಮುಷಿ. ಸರಿಯಾದ ಹೆಸರು ಹೇಳಿದರೆ ಗಯ ತೋರಿಸಿ, ಚಾ ಕೊಟ್ಟು ಕಳಿಸುತ್ತಾರೆ. ತೇಡೆ ಸಿಕ್ಕಿ ಬಾಯಲ್ಲಿ ಗೋಲಿಯಂಥ ಮೊಟ್ಟೆ ಕಂಡರೆ ಕೂಡಲೇ ಬಿಡಿ. ಮೊಟ್ಟೆ ಕಾಯುವ ಗಂಡು ಅದು, ಮರಿಯಾಗುವ ತನಕ ಬಾಯಲ್ಲೇ ಇಟ್ಟುಕೊಳ್ಳುತ್ತದೆ.

ನೀವು ಕೊನೆಗೆ ಕೇಳಿದ್ದು, ಮೊದಲ ಮಳೆಗೆ ಶುರು ಮಾಡಬಹುದಾ ಅಂತ. ಬೇಡ. ಮೊದಲ ಮಳೆಗೆ ಮೀನು ಮೇಲೆ ಹತ್ತುವ ಉಬರ್ ಗಲಾಟೆಯಲ್ಲಿ ಮುಗುಡು ಗದ್ದೆಗೆ ಹತ್ತುವುದು ಮೊಟ್ಟೆ ಇಡಲು. ಹಾಗೆ ಹತ್ತುವ ಮೀನನ್ನು ಹಿಡಿಯುವುದು ಕೇರಳದಲ್ಲಿ 2010ರ ಒಳನಾಡು ಮೀನುಗಾರಿಕೆ ಕಾಯ್ದೆ ಪ್ರಕಾರ ತಪ್ಪು. ನಾವೆಲ್ಲ ಚಿಕ್ಕಂದಿನಲ್ಲಿ ದೊಣ್ಣೆ ಹಿಡಿದು ಹೋದವರೇ, ಅದು ಬೇರೆ ವಿಷಯ. ಬೇಸಿಗೆಯ ಗಯ ನೋಡಿ, ಮಾರ್ಚ್, ಏಪ್ರಿಲ್. ಅಡಕೆ ತೋಟದವರು ತೋಡಿಗೆ ಹಾಕಿದ ಕಟ್ಟದ ಮೇಲಿನ ನೀರೂ ಒಳ್ಳೆಯದು, ಆದರೆ ತೋಟದ ಯಜಮಾನರಿಗೆ ಹೇಳಿ ಇಳಿಯಿರಿ. ದೇವಸ್ಥಾನದ ಮೀನಿರುವ ಗಯಕ್ಕೆ ಗಾಳ ಹಾಕಬೇಡಿ. ತೊಡಿಕಾನದ ಮತ್ಸ್ಯತೀರ್ಥ ಇದೇ ಪಯಸ್ವಿನಿಯ ಬಳಗದ್ದು, ಅಲ್ಲಿ ಗಾಳ ಹಿಡಿದವನನ್ನು ಊರು ಸುಮ್ನೆ ಬಿಡುವುದಿಲ್ಲ.

ಒಂದಡಿಗಿಂತ ಎಷ್ಟೋ ಉದ್ದದ, ಮೈಮೇಲೆ ಮಚ್ಚೆಯ ಮುಗುಡು ಸಿಕ್ಕಿದರೆ ಅದು ಆಫ್ರಿಕನ್ ಕ್ಯಾಟ್‌ಫಿಶ್ ಇರಬಹುದು. ಸಾಕುವುದಕ್ಕೆ ನಿಷೇಧ ಇದ್ದರೂ ಕೊಳಗಳಿಂದ ತಪ್ಪಿಸಿಕೊಂಡು ಹೊಳೆ ಸೇರಿದೆ. ಅದನ್ನು ವಾಪಸ್ ಬಿಡಬೇಡಿ, ಮನೆಯ ಕೆರೆಗೂ ಹಾಕಬೇಡಿ, ಉಳಿದ ಮೀನನ್ನೆಲ್ಲ ಮುಗಿಸುತ್ತದೆ. ಬಾಳೆ ಸಿಕ್ಕಿದರೆ ಬಿಡಿ. ಲೋಕದಲ್ಲೇ ಕಡಿಮೆ ಆಗುತ್ತಿರುವ ಮೀನು, ಅಳಿಯುತ್ತಿರುವ ಜೀವಿಗಳ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿ ಅಪಾಯದ ಗುಂಪಿನಲ್ಲಿ ಉಂಟು. ಈ ಮಾತು ಮಾವನಿಗೆ ಹಿಡಿಸುವುದಿಲ್ಲ. ಬಿಡುವುದಾದರೆ ರಾತ್ರಿಯಿಡೀ ಕೂರುವುದು ಯಾಕೆ ಅಂತ ಅವರ ಪ್ರಶ್ನೆ. ನನ್ನ ಬಳಿ ಉತ್ತರ ಇಲ್ಲ, ಆದರೂ ಬಿಡುತ್ತೇನೆ.

ಹಲ್ಲಿನ ಖರ್ಚು ಒಂಬತ್ತು ಸಾವಿರ ಆಯಿತು. ಹನ್ನೊಂದು ಸಾವಿರದ ರಾಡು ಈಗ ಹೆಂಡತಿಯ ತಮ್ಮನ ಹತ್ತಿರ ಉಂಟು. ಮುಂದಿನ ಬೇಸಿಗೆಯಲ್ಲಿ ಬಾಳೆ ಸಿಕ್ಕಿತು, ಆರು ಕಿಲೋ ಇರಬಹುದು. ಆಗ ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟು ಕೂತಿದ್ದೆ. ಗೆಜ್ಜೆ ಕೂಗಿತು, ಎದ್ದಿರಲಿಲ್ಲ. ಮಾವನೇ "ಇನ್ನು ಏಳಿ" ಅಂದರು.