ಡಿಸ್ಚಾರ್ಜ್ ಬುಕ್‌ನಲ್ಲಿ ಹೆಂಡತಿ ಹೆಸರು ಹೊಂದುತ್ತಿಲ್ಲವಾದರೆ

ಸೈನ್ಯದಿಂದ ನಿವೃತ್ತರಾದ ಕೊಡಗಿನವರು ನೀವು; ಡಿಸ್ಚಾರ್ಜ್ ಬುಕ್‌ನಲ್ಲಿ (ಸೇವೆ ಮುಗಿದಾಗ ಸೈನ್ಯ ಕೊಡುವ ದಾಖಲೆ ಪುಸ್ತಕ) ಹೆಂಡತಿ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು ಇದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಇದಕ್ಕೆ ಕಾರಣ ಬಹುಶಃ ಮನೆ ಹೆಸರು. ಸೈನ್ಯದಲ್ಲಿ ಬರೆಸುವಾಗ ಹೆಂಡತಿಯ ತವರಿನ ಮನೆ ಹೆಸರು ಸೇರಿರುತ್ತದೆ, ಆಧಾರ್‌ನಲ್ಲಿ ನಿಮ್ಮದು. ನಮ್ಮ ಅಪ್ಪನ ಪುಸ್ತಕದಲ್ಲೂ ಹಾಗೇ ಇತ್ತು. ಅಮ್ಮನ ಮನೆ ಹೆಸರು ಬರೀ ಒಂದಕ್ಷರ, ಅದರ ಮುಂದೆ ಚುಕ್ಕಿ.

ಪುಸ್ತಕದ ಮೇಲೆ ನೀವೇ ಪೆನ್ನಿನಲ್ಲಿ ತಿದ್ದಬೇಡಿ. ತಿದ್ದಬೇಕಾದ್ದು ನಿಮ್ಮ ರೆಕಾರ್ಡ್ ಆಫೀಸ್, ಅಂದರೆ ನಿಮ್ಮ ರೆಜಿಮೆಂಟಿನ ಸೈನಿಕರ ದಾಖಲೆ ಇಡುವ ಕಚೇರಿ. ಯಾವ ರೆಜಿಮೆಂಟ್ ಅಂತ ನೀವು ಬರೆದಿಲ್ಲ. ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಬೆಂಗಳೂರು, ಆರ್ಟಿಲರಿ ಆದರೆ ನಾಸಿಕ್ ರೋಡ್.

ಮೊದಲು, ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ. ಎರಡನ್ನೂ ದಾಖಲೆಯಲ್ಲಿ ಇರುವ ಹಾಗೇ ಬರೆಸಿ, ಇಂಗ್ಲಿಷ್ ಸ್ಪೆಲ್ಲಿಂಗ್ ಸಮೇತ. ಒಂದಕ್ಷರ ಆಚೀಚೆ ಆದರೂ ಅರ್ಜಿ ವಾಪಸ್ ಬರಬಹುದು. ಹುಟ್ಟಿದ ತಾರೀಖನ್ನೂ ಈಗಲೇ ನೋಡಿಕೊಳ್ಳಿ, ತಪ್ಪಿದ್ದರೆ ಒಟ್ಟಿಗೇ ಸರಿಮಾಡಿಸಿ.

ಆಮೇಲೆ ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಪಾವತಿ ಆದೇಶ), ಇಬ್ಬರ ಆಧಾರ್, ಮದುವೆ ನೋಂದಣಿ ಪತ್ರದ ಜೆರಾಕ್ಸ್ ಹಿಡಿದು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಅರ್ಜಿಯನ್ನು ಅವರ ಮೂಲಕವೇ ರೆಕಾರ್ಡ್ ಆಫೀಸಿಗೆ ಕಳಿಸಿ. ಕೆಲವು ಕಡೆ ಪತ್ರಿಕೆ ಜಾಹೀರಾತನ್ನೂ ಕೇಳುತ್ತಾರೆ. ನಿಮ್ಮ ರೆಕಾರ್ಡ್ ಆಫೀಸಿಗೆ ಬೇಕಾ ಅಂತ ಕೇಳಿಯೇ ದುಡ್ಡು ಖರ್ಚು ಮಾಡಿ. ಮೂಲ ಪುಸ್ತಕವನ್ನು ಸುಮ್ನೆ ಯಾರ ಕೈಗೂ ಕೊಡಬೇಡಿ.

ರೆಕಾರ್ಡ್ ಆಫೀಸ್ ಪಾರ್ಟ್ ಟು ಆರ್ಡರ್ (ಸೈನಿಕರ ದಾಖಲೆಯಲ್ಲಿ ಆದ ಬದಲಾವಣೆಯ ಆದೇಶ) ಹೊರಡಿಸಿದರೆ ಅರ್ಧ ಕೆಲಸ ಆದಂತೆ. ಪಿಪಿಒದಲ್ಲೂ ಹೆಸರು ಬದಲಾಗಲೇಬೇಕು, ಇಲ್ಲದಿದ್ದರೆ ಮುಂದೆ ಫ್ಯಾಮಿಲಿ ಪೆನ್ಷನ್‌ಗೆ ನಿಮ್ಮ ಹೆಂಡತಿಯೇ ಅಲೆಯಬೇಕಾಗುತ್ತದೆ. ರಕ್ಷಣಾ ಪೆನ್ಷನ್ ಜಾಲತಾಣ ಸ್ಪರ್ಶ್‌ಗೆ ಲಾಗಿನ್ ಆಗಿ ಹೊಸ ಹೆಸರು ಬಂದಿದೆಯಾ ನೋಡಿ. ಬಂದಿಲ್ಲವಾದರೆ ಆರ್ಡರ್ ಪ್ರತಿ ಹಾಕಿ ಅಲ್ಲೇ ದೂರು ದಾಖಲಿಸಿ.