ನಲವತ್ತು ಬೇಡ, ನಾಲ್ಕೈದು ಸಾಕು

ಓದದೇ ಉಳಿದ 40 ಪುಸ್ತಕಗಳನ್ನು ಈ ಬೇಸಿಗೆಯಲ್ಲೇ ಮುಗಿಸೋದು ಹೇಗೆ ಅಂತ ಕೇಳಿದ್ದೀರಿ. ಮುಗಿಯಲ್ಲ ಬಿಡಿ. ಏಪ್ರಿಲ್, ಮೇ ಸೇರಿ 61 ದಿನ. ಮದುವೆ, ಗೃಹಪ್ರವೇಶ, ಊರಹಬ್ಬ, ಮಾವಿನಕಾಯಿ ಉಪ್ಪಿನಕಾಯಿ ಅಂತ 15 ದಿನ ಕಳೀರಿ. ಉಳಿದ 46 ದಿನ, ದಿನಕ್ಕೆ 30 ಪುಟ ಅಂದ್ರೆ 1,380 ಪುಟ. ನಿಮ್ಮ ಬಂಡವಾಳ ಅಷ್ಟೇ.

ರಾಶಿಯಲ್ಲಿ ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಇದೆ ಅಂದಿರಲ್ಲ, ಅದೊಂದೇ ಅರ್ಧ ಬಂಡವಾಳ ನುಂಗುತ್ತೆ. ಆದ್ರೂ ಅದನ್ನೇ ಮೊದಲು ಹಿಡೀರಿ, ಮಳೆ ಶುರುವಾಗೋ ಹೊತ್ತಿಗೆ ಮಲೆನಾಡಲ್ಲೇ ಇರ್ತೀರಿ. ನಾನು ಎರಡು ಸಲ ಕೈಬಿಟ್ಟಿದ್ದೆ. ಗುರುತಿಗಿಟ್ಟ ಲಗ್ನಪತ್ರಿಕೆ ಎರಡು ವರ್ಷ 112ನೇ ಪುಟದಲ್ಲೇ ಕೂತಿತ್ತು, ಆ ದಂಪತಿಗೆ ಅಷ್ಟರಲ್ಲಿ ಮಗುವೂ ಆಯ್ತು! ಮೂರನೇ ಸಲ ಹಿಂದಿನ ಖಾಲಿ ಹಾಳೇಲಿ ಪೆನ್ಸಿಲ್‌ನಿಂದ ಯಾರು ಯಾವ ಮನೆಯವರು ಅಂತ ಬರ್ಕೊಂಡೆ. ಗುತ್ತಿ, ಅವನ ನಾಯಿ ಹುಲಿಯನಿಂದ ಶುರು ಮಾಡಿದ ಪಟ್ಟಿ ಪುಟ ತುಂಬ್ತು, ಆಮೇಲೆ ಎಲ್ಲೂ ತಡವರಿಸಲಿಲ್ಲ.

ಮಿಕ್ಕ 600–700 ಪುಟಕ್ಕೆ ತೇಜಸ್ವಿಯವರ ‘ಕರ್ವಾಲೊ’ ತರಹದ ತೆಳು ಪುಸ್ತಕ ಮೂರ್ನಾಲ್ಕು ಆರಿಸಿಟ್ಕೊಳ್ಳಿ. ಉಳಿದವನ್ನ ರಟ್ಟಿನ ಡಬ್ಬಕ್ಕೆ ತುಂಬಿ ಅಟ್ಟಕ್ಕೇರಿಸಿ, ಕಣ್ಣೆದುರಿದ್ರೆ ಓದೋ ಪುಸ್ತಕಕ್ಕಿಂತ ಓದದ್ದೇ ಕಾಡುತ್ತೆ. 50 ಪುಟಕ್ಕೂ ಹಿಡಿಸದಿದ್ರೆ ಮುಲಾಜಿಲ್ಲದೆ ಬದಲಾಯಿಸಿ.

ಹಾಂ, ಜೂನ್‌ವರೆಗೆ ಪುಸ್ತಕದಂಗಡಿ ಇರೋ ರಸ್ತೆಗೆ ಹೋಗ್ಬೇಡಿ.